ಮಾರಿಯೋನ ಮಾರಿದ ಕಥೆ

ನಮ್ಮ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವೆ ಇರುವ ಕಾಂಪೌಂಡು ಸರಿಯಾಗಿ ನಾಲ್ಕಡಿ. ಇನ್ನರ್ಧ ಅಡಿ ಎತ್ತರ ಇದ್ದಿದ್ದರೆ ಮೇಷ್ಟ್ರಿಗೆ ಮೊಣಕೈ ಊರಲು ಆಗುತ್ತಿರಲಿಲ್ಲ, ನನಗೂ ಬೆಳಗಿನ ಒಂದು ಗಂಟೆ ಉಳಿತಾಯವಾಗುತ್ತಿತ್ತು. ಪೇಪರ್ ಓದಿ ಮುಗಿದದ್ದರಿಂದ ಹಿಡಿದು ಹತ್ತು ಗಂಟೆವರೆಗೆ ಗೋಡೆ ಮೇಷ್ಟ್ರದು. ಬಿಸಿಲು ಏರಿದ ಮೇಲೆ ದೊಡ್ಡಮ್ಮನದು. ಬಾಳಕದ ಮೆಣಸಿನಕಾಯೋ, ಅರಳು ಸಂಡಿಗೆಯೋ, ಹುಣಸೆಹಣ್ಣೋ ಏನಾದರೊಂದು ಮೊರದಲ್ಲಿ ಕೂತು ಒಣಗುತ್ತಿರುತ್ತದೆ. ದೊಡ್ಡಮ್ಮ ಎಂದರೆ ಮೇಷ್ಟ್ರ ಮನೆಯವರು. ರಕ್ತಸಂಬಂಧ ಏನೂ ಇಲ್ಲ. ನಾನು ಹುಟ್ಟಿದಾಗಿನಿಂದ ಪಾತ್ರೆಗಳು ಈ ಗೋಡೆಯ ಮೇಲೆ ಅತ್ತಿಂದಿತ್ತ ಓಡಾಡಿಕೊಂಡಿವೆ, ಅಷ್ಟೇ ಸಂಬಂಧ.

ದಸರಾ ಮುಗಿದ ಮೊದಲ ಭಾನುವಾರ ಆ ಮೊರದ ಪಕ್ಕ ನಾನೂ ನನ್ನ ಸರಕು ಹರವಿದೆ. ಅಟ್ಟದ ರಟ್ಟಿನ ಡಬ್ಬದಲ್ಲಿ ವರ್ಷಗಟ್ಟಲೆ ಕೂತು ಮುಗ್ಗಲು ವಾಸನೆ ಹಿಡಿದಿದ್ದ ವಿಡಿಯೋ ಗೇಮುಗಳು. ಹಳೇ ಕ್ಯಾಸೆಟ್ಟು, ಪ್ಲೇಸ್ಟೇಷನ್ ಸಿಡಿ, ವೈರು ಸುತ್ತಿದ ರಿಮೋಟು, ಒಂದು ಪ್ಲಾಸ್ಟಿಕ್ ಬಂದೂಕು. (ವಿಷಯ ತಿಳಿದವರು ಎದೆ ಹಿಡಿದುಕೊಳ್ಳಬೇಡಿ. ಸಿಡಿಗಳನ್ನು ಕರಿಬೇವಿನ ಗಿಡದ ನೆರಳಲ್ಲೇ ಇಟ್ಟಿದ್ದೆ.)

ಮೇಷ್ಟ್ರು ಕನ್ನಡಕ ಏರಿಸಿಕೊಂಡು ಬಂದರು.

"ಏನಯ್ಯಾ ಇದು, ಹೊಸ ಜಾತಿ ಸಂಡಿಗೆಯೋ?"

"ಟಿವಿ ಗೇಮು ಮೇಷ್ಟ್ರೇ."

ಒಂದನ್ನು ಕೈಗೆತ್ತಿಕೊಂಡರು. ಹಳದಿ ಕ್ಯಾಸೆಟ್ಟು, ಚೀಟಿ ಅರ್ಧ ಕಿತ್ತುಹೋಗಿದೆ. "ಇವನ್ಯಾರು, ಮೀಸೆಯವನು?"

"ಮಾರಿಯೋ."

"ಅವನೇ ಕೇಳ್ತಾ ಇದಾನಲ್ಲಯ್ಯ, ಮಾರಿಯೋ ಅಂತ. ಏನು ಹೇಳಿದೆ ಅವನಿಗೆ?"

"ಹೂಂ ಅಂದೆ ಮೇಷ್ಟ್ರೇ. ಎಲ್ಲಾನೂ ಮಾರ್ತಾ ಇದೀನಿ."

ಮೇಷ್ಟ್ರು ಕ್ಯಾಸೆಟ್ಟು ಕೆಳಗಿಟ್ಟರು. ಮೂವತ್ತೆರಡು ವರ್ಷ ಸಮಾಜ ಪಾಠ ಮಾಡಿದವರು. ಯಾವುದಾದರೂ ಸಂಸ್ಥಾನ ಬೀಳುತ್ತಿದೆ ಎಂದರೆ ಅವರಿಗೆ ಬೇಗ ಗೊತ್ತಾಗುತ್ತದೆ. "ಸಂಬಳ ಬಂದಿಲ್ವೇನೋ?" ಎಂದರು, ದನಿ ಇಳಿಸಿ.

ಬಂದಿಲ್ಲ ನಿಜ. ನಾನಿದ್ದ ಕಂಪನಿ (ಹೆಸರು ಬೇಡ, ಬೀಗ ಬಿದ್ದ ಬಾಗಿಲಿಗೆ ಕಲ್ಲು ಹೊಡೆದು ಏನಾಗಬೇಕು) ಮೂರು ತಿಂಗಳು ಅರ್ಧ ಸಂಬಳ ಕೊಟ್ಟಿತು, ನಾಲ್ಕನೇ ತಿಂಗಳು ಪೂರ್ತಿ ಸಮಾಧಾನ ಕೊಟ್ಟಿತು. ಹೆಂಡತಿಯ ಎರಡೆಳೆ ಸರ ಆಗಲೇ ಬ್ಯಾಂಕಿನಲ್ಲಿ ಕೂತಿದೆ. ದೀಪಾವಳಿಯ ಹೊತ್ತಿಗೆ ಮಗಳ ಸ್ಕೂಲಿನ ಎರಡನೇ ಕಂತು ಕಟ್ಟಬೇಕು, 28,000. ಚಿನ್ನ ಅಡ ಇಡುವುದರಲ್ಲಿ ಒಂದು ಮರ್ಯಾದೆ ಇದೆ, ನೋಡಿ. ಬ್ಯಾಂಕಿನವರೇ ಕುರ್ಚಿ ಹಾಕಿ ಕೂರಿಸುತ್ತಾರೆ, ತೂಕ ಮಾಡುತ್ತಾರೆ, ಚೀಟಿ ಕೊಡುತ್ತಾರೆ, ಒಂದು ದಿನ ಬಿಡಿಸಿಕೊಂಡು ಬರುತ್ತೀರಿ. ‘ಕಾಂಟ್ರಾ’ ಕ್ಯಾಸೆಟ್ಟು ಅಡ ಇಡುತ್ತೇನೆ ಎಂದು ಹೋದರೆ ಸೆಕ್ಯೂರಿಟಿಯವನೇ ಒಳಗೆ ಬಿಡುವುದಿಲ್ಲ. ಅದನ್ನು ಮಾರಬೇಕು, ಮಾರಿದರೆ ಹೋಯಿತು.

ಅಷ್ಟರಲ್ಲಿ ದೊಡ್ಡಮ್ಮ ಮೊರ ತಿರುಗಿಸಲು ಬಂದರು. ಅವರ ಕಿವಿಗೆ ‘ಗೇಮು’, ‘ದುಡ್ಡು’ ಎರಡೇ ಮಾತು ಬಿದ್ದಿತ್ತು.

"ಅಯ್ಯೋ ಪಾಪಿ, ನೀನೂ ಆ ಫೋನಲ್ಲಿ ರಮ್ಮಿ ಆಡಿ ಕಳ್ಕೊಂಡ್ಯೇನೋ?"

"ಅಲ್ಲ ದೊಡ್ಡಮ್ಮ, ದುಡ್ಡು ಕಟ್ಟಿ ಆಡೋ ಆ ಆಟಗಳ ಮೇಲೆ 2025ರಲ್ಲಿ ದೆಹಲಿಯವರು ಕಾನೂನೇ ತಂದ್ರು. ಇದು ಬೇರೆ. ಇದರಲ್ಲಿ ದುಡ್ಡು ಅಂಗಡೀಲೇ ಕೊಟ್ಟುಬಿಡೋದು, ಸೋಲೋದು ಮನೆಗೆ ಬಂದ ಮೇಲೆ."

"ಧರ್ಮರಾಯ ಆಟ ಆಡಿ ಮನೆ ಕಳ್ಕೊಂಡ," ಎಂದರು ಮೇಷ್ಟ್ರು. "ಇವನು ಮನೆ ನಡೆಸೋಕೆ ಆಟ ಕಳ್ಕೊಳ್ತಾ ಇದಾನೆ. ಎಷ್ಟೋ ವಾಸಿ."

ಸಮಾಧಾನ ಹೇಳಿದರೋ ಹಂಗಿಸಿದರೋ ಇವತ್ತಿಗೂ ತಿಳಿದಿಲ್ಲ. ದೊಡ್ಡಮ್ಮ ಮಾತ್ರ ನೇರ ವಿಷಯಕ್ಕೆ ಬಂದರು. "ನಮ್ಮ ದಸರಾ ಗೊಂಬೆ ತರಾನೇ ಬಿಡು ಇವೂ. ವರ್ಷಕ್ಕೊಂದು ಸಲ ಇಳಿಸಿ, ಧೂಳು ಕೊಡವಿ, ಮತ್ತೆ ಏರಿಸೋದು."

"ಇಲ್ಲ ದೊಡ್ಡಮ್ಮ. ಗೊಂಬೆ ಇರೋದು ನೋಡೋದಕ್ಕೆ. ಇವು ಆಡೋದಕ್ಕೆ."

"ಆಡಿ ಎಷ್ಟು ದಿನ ಆಯ್ತು?"

ಎಂಟು ವರ್ಷ. ಮಗಳು ಒಂದನೇ ಕ್ಲಾಸಿಗೆ ಸೇರುವ ಮೊದಲು. ಹೇಳಲಿಲ್ಲ. ಹೇಳದಿದ್ದರೂ ಅವರಿಗೆ ಲೆಕ್ಕ ಸಿಕ್ಕಿತು ಅನ್ನಿಸುತ್ತದೆ, ಮೆಣಸಿನಕಾಯಿ ತಿರುವುತ್ತಾ, "ನಾನು ಹಾರ್ಮೋನಿಯಂ ಮಾರಿದಾಗ ನಿಮ್ಮ ಮೇಷ್ಟ್ರಿಗೆ ಎರಡು ತಿಂಗಳು ಗೊತ್ತೇ ಆಗಲಿಲ್ಲ" ಎಂದು ಒಳಗೆ ಹೋದರು. ಮೇಷ್ಟ್ರು ಕರಿಬೇವಿನ ಎಲೆಯನ್ನು ಬಹಳ ಹೊತ್ತು ಪರೀಕ್ಷೆ ಮಾಡಿದರು.

ನನ್ನ ಸಂಗ್ರಹ ಶುರುವಾದದ್ದು ದಸರಾ ಎಕ್ಸಿಬಿಷನ್ನಿನಲ್ಲೇ, 1994ರಲ್ಲಿ. ದೊಡ್ಡಕೆರೆ ಮೈದಾನದಲ್ಲಿ ಮೆಣಸಿನಕಾಯಿ ಬಜ್ಜಿ, ದೆಹಲಿ ಹಪ್ಪಳ, ಜಯಂಟ್ ವೀಲು ಎಲ್ಲ ಮುಗಿದ ಮೇಲೆ ಹೊರಬರುವ ದಾರಿಯಲ್ಲಿ ಒಂದು ಅಂಗಡಿ. ಅಪ್ಪ ಅಲ್ಲಿ ಮುಕ್ಕಾಲು ಗಂಟೆ ಚೌಕಾಸಿ ಮಾಡಿದರು. ಮೂಲ ಯಂತ್ರ ಜಪಾನಿನ ನಿಂಟೆಂಡೊ 1983ರಲ್ಲಿ ಮಾಡಿದ ಫ್ಯಾಮಿಕಾಮ್. ನಮಗೆ ಸಿಕ್ಕದ್ದು ಅದರ ನಕಲು, ಬಹುಶಃ ನಕಲಿನ ನಕಲು. ಜೊತೆಗೆ ಬಂದ ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಎಂದು ಬರೆದಿತ್ತು. ಅಕ್ಕ ಮತ್ತು ನಾನು ಪಟ್ಟು ಹಿಡಿದು ಎಣಿಸಿದೆವು. ಆಟ ಇದ್ದದ್ದು ಹನ್ನೆರಡು. ಹದಿಮೂರನೆಯದರಿಂದ ಮತ್ತೆ ಅವೇ, ಹೆಸರು ಮಾತ್ರ ಬೇರೆ. ಕೆಲವು ಮಧ್ಯದ ಸ್ಟೇಜಿನಿಂದ ಶುರುವಾಗುತ್ತಿದ್ದವು. ಉಳಿದ 9,987ನ್ನು ಇನ್ನೂ ಹುಡುಕುತ್ತಿದ್ದೇನೆ.

ಕ್ಯಾಸೆಟ್ಟು ಓದದಿದ್ದರೆ ಊದಬೇಕು. ಇದು ಯಾರು ಹೇಳಿಕೊಟ್ಟದ್ದೋ ಗೊತ್ತಿಲ್ಲ, ಅಮೆರಿಕದ ಮಕ್ಕಳೂ ಊದಿದ್ದಾರೆ, ಅಗ್ರಹಾರದ ಮಕ್ಕಳೂ ಊದಿದ್ದಾರೆ. ಉಸಿರಿನ ತೇವಕ್ಕೆ ಒಳಗಿನ ಪಿನ್ನುಗಳು ಕಿಲುಬು ಹಿಡಿಯುತ್ತವೆ, ಊದಬೇಡಿ ಎಂದು ಕಂಪನಿಯೇ ಹೇಳಿತ್ತು. ಓದುವಂತೆ ಮಾಡುತ್ತಿದ್ದದ್ದು ಊದಿದ್ದಲ್ಲ, ತೆಗೆದು ಮತ್ತೆ ಸರಿಯಾಗಿ ಕೂರಿಸಿದ್ದು. ಆದರೆ ನಂಬಿಕೆಯ ವಿಷಯದಲ್ಲಿ ಯಾರ ಮಾತು ಯಾರು ಕೇಳುತ್ತಾರೆ. ಆವತ್ತು ಕೂಡ ಒಂದೊಂದನ್ನೂ ರಬ್ಬರ್ ತೆಗೆದುಕೊಂಡು ಪಿನ್ನು ಉಜ್ಜಿ, ಹತ್ತಿಯಲ್ಲಿ ಸ್ಪಿರಿಟ್ ಹಚ್ಚಿ ಒರೆಸಿ, ಎಲ್ಲ ವೈಜ್ಞಾನಿಕವಾಗಿ ಮುಗಿಸಿದ ಮೇಲೆ ಕೊನೆಗೆ ಒಂದು ಸಲ ಊದಿದೆ.

"ಇಷ್ಟು ಪುಟಾಣೀಲಿ ಏನಿರುತ್ತಯ್ಯ?" ಎಂದು ಮೇಷ್ಟ್ರು ಮಾರಿಯೋನನ್ನು ಮತ್ತೆ ಎತ್ತಿಕೊಂಡರು.

1985ರ ಆ ‘ಸೂಪರ್ ಮಾರಿಯೋ ಬ್ರದರ್ಸ್’ ಇಡೀ ಆಟ ಬರೇ ನಲವತ್ತು ಕೆಬಿ. ಮೇಷ್ಟ್ರು ದಿನಾ ಬೆಳಿಗ್ಗೆ ಕಳಿಸುವ ಗುಲಾಬಿ ಹೂವಿನ ಶುಭೋದಯದ ಚಿತ್ರ ಅದಕ್ಕಿಂತ ದೊಡ್ಡದು. ಅಷ್ಟರಲ್ಲಿ ಎಂಟು ಲೋಕ, ಮೂವತ್ತೆರಡು ಸ್ಟೇಜು, ಅಣಬೆ, ಆಮೆ, ಕೋಟೆ, ಸಂಗೀತ ಎಲ್ಲ ತುಂಬಿದ್ದರು. ಹೇಗೆ ತುಂಬಿದರು ಎಂದರೆ, ಅದರಲ್ಲಿ ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ. ಮೋಡಕ್ಕೆ ಬಿಳಿ ಬಣ್ಣ, ಪೊದೆಗೆ ಹಸಿರು. ಅಷ್ಟೇ ವ್ಯತ್ಯಾಸ.

"ನಿಮ್ಮ ದೊಡ್ಡಮ್ಮನ ಹಿಟ್ಟಿನ ಹಾಗೆ," ಎಂದರು ಮೇಷ್ಟ್ರು, ಬಾಗಿಲ ಕಡೆ ನೋಡಿಕೊಂಡು. "ಇವತ್ತು ಇಡ್ಲಿ, ನಾಳೆ ದೋಸೆ, ನಾಡಿದ್ದು ಅದೇ ಪಡ್ಡು." ಇಷ್ಟು ಚೆನ್ನಾಗಿ ಈ ವಿಷಯವನ್ನು ಯಾರೂ ವಿವರಿಸಿದ್ದನ್ನು ನಾನು ಕೇಳಿಲ್ಲ.

‘ಕಾಂಟ್ರಾ’ ತೋರಿಸಿದೆ. ಈ ಆಟ ಇದೇ ಮೇಷ್ಟ್ರಿಂದ ನನಗೆ ಏಟು ತಿನ್ನಿಸಿದೆ. ಮೂರು ಲೈಫಿಗೆ ಬದಲು ಮೂವತ್ತು ಲೈಫು ಸಿಗಬೇಕಾದರೆ ಒಂದು ಮಂತ್ರ ಇತ್ತು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ಕಜುಹಿಸಾ ಹಶಿಮೊಟೊ ಎಂಬ ಜಪಾನಿನವನು 1986ರಲ್ಲಿ ‘ಗ್ರೇಡಿಯಸ್’ ಎನ್ನುವ ಇನ್ನೊಂದು ಆಟವನ್ನು ಮನೆಯ ಯಂತ್ರಕ್ಕೆ ಅಳವಡಿಸುವಾಗ, ಪರೀಕ್ಷೆ ಮಾಡಲು ಕೂತರೆ ಅವನಿಗೇ ಗೆಲ್ಲಲಾಗದೆ ತನಗೋಸ್ಕರ ಮಾಡಿಕೊಂಡ ಕಳ್ಳದಾರಿ ಅದು. ತೆಗೆಯದೆ ಹಾಗೇ ಉಳಿದು, ಕಾಂಟ್ರಾಕ್ಕೂ ಬಂತು. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ನನ್ನನ್ನು ಎಬ್ಬಿಸಿ ನಾಲ್ಕು ಮೈಸೂರು ಯುದ್ಧಗಳ ಇಸವಿ ಕೇಳಿದರು. ಬರಲಿಲ್ಲ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬಾಣದ ಗುರುತುಗಳನ್ನು ಬರೆದುಕೊಂಡಿದ್ದೆ, ಅದು ಸಿಕ್ಕಿಬಿತ್ತು.

"ಅದು ನೆನಪಿದೆ. ಏನೋ ಗೂಢಲಿಪಿ ಅಂತ ಹೆಡ್ಮಾಸ್ಟರಿಗೂ ತೋರಿಸಿದ್ದೆ," ಎಂದರು.

ನಿಂಟೆಂಡೊ ಹೆಸರು ಬಂದಾಗ ಮೇಷ್ಟ್ರಿಗೆ ಇನ್ನೊಂದು ವಿಷಯ ಹೇಳಿದೆ. ಅವರಿಗೆ ಇಸವಿ ಎಂದರೆ ಪ್ರಾಣ. ಆ ಕಂಪನಿ ಹುಟ್ಟಿದ್ದು 1889ರಲ್ಲಿ, ಕ್ಯೋಟೊ ನಗರದಲ್ಲಿ, ಹನಾಫುದಾ ಎಂಬ ಹೂವಿನ ಚಿತ್ರದ ಇಸ್ಪೀಟು ಎಲೆ ಮಾಡುವುದಕ್ಕೆ. ಮೇಷ್ಟ್ರು ನೆಟ್ಟಗಾದರು. ಅಲ್ಲಿಂದ ಹತ್ತು ನಿಮಿಷ ನಮ್ಮ ಹಳೇ ಇಸ್ಪೀಟು ಗಂಜೀಫಾ. ಮುಮ್ಮಡಿ ಕೃಷ್ಣರಾಜ ಒಡೆಯರು ಆಟದ ಹುಚ್ಚಿನ ದೊರೆ, ಚದುರಂಗದ ಕುದುರೆ ನಡೆಯಲ್ಲಿ ಪದ್ಯ ಹೆಣೆಸಿದವರು, ಹೊಸ ಹೊಸ ಗಂಜೀಫಾ ಆಟ ಕಟ್ಟಿದವರು, ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ‘ಕೌತುಕ ನಿಧಿ’ಯನ್ನು ಆಟಗಳಿಗೇ ಮೀಸಲಿಟ್ಟವರು.

"ಆ ಎಲೆಗಳು ಈಗ ಎಲ್ಲಿವೆ ಗೊತ್ತೇನಯ್ಯ? ಗಾಜಿನ ಹಿಂದೆ. ಚಿತ್ರ ನೋಡಿ ಆಹಾ ಅಂತಾರೆ. ಕೆಳಗೆ ಕೂತು ಒಂದು ಕೈ ಆಡೋಣ ಬನ್ನಿ ಅನ್ನು, ಎಲ್ಲಾರೂ ಮುಖ ಮುಖ ನೋಡ್ತಾರೆ."

ಮಾರಾಟದ ಉಸ್ತುವಾರಿ ಮಗಳದು. ಹದಿನಾಲ್ಕು ವರ್ಷ, ಅಮ್ಮನ ಕಡೆಯ ಚುರುಕು. ನಾನೇ ಜಾಹೀರಾತು ಬರೆದಿದ್ದೆ: ‘ಅತ್ಯಂತ ಪ್ರೀತಿಯಿಂದ ಕಾಪಾಡಿಕೊಂಡು ಬಂದ...’ ಎಂದು. ಓದಿ, "ಅಪ್ಪಾ, ಇದು ಮ್ಯಾಟ್ರಿಮೋನಿ ತರ ಇದೆ" ಎಂದು ಅಳಿಸಿಹಾಕಿದಳು. ಹತ್ತು ಪರ್ಸೆಂಟ್ ಕಮಿಷನ್ ಎಂದು ಮೊದಲೇ ಮಾತಾಯಿತು. ಮಾಡಿದ ಮೊದಲ ಕೆಲಸ ಬೆಲೆ ಹುಡುಕಿದ್ದು. ಐದು ನಿಮಿಷಕ್ಕೆ ಫೋನ್ ಹಿಡಿದು ಓಡಿ ಬಂದಳು. 2021ರಲ್ಲಿ ಅಮೆರಿಕದಲ್ಲಿ ಇದೇ ಮಾರಿಯೋ ಇಪ್ಪತ್ತು ಲಕ್ಷ ಡಾಲರಿಗೆ ಮಾರಾಟವಾಗಿದೆ! ಎರಡು ನಿಮಿಷ ನಮ್ಮ ಮನೆ ಬಹಳ ಶ್ರೀಮಂತವಾಗಿತ್ತು. ಹೆಂಡತಿ ಒಲೆ ಆರಿಸಿ ಬಂದಳು.

ಆಮೇಲೆ ಕೆಳಗಿನ ಸಾಲು ಓದಿದೆವು. ಅದು ಸೀಲು ಒಡೆಯದ ಡಬ್ಬ. ಯಾರೋ ಕೊಂಡು, ಯಾವತ್ತೂ ತೆರೆಯದೆ ಹಾಗೇ ಉಳಿದುಹೋದದ್ದು. ಒಂದೇ ಒಂದು ಸಲವೂ ಯಾರೂ ಆಡಿಲ್ಲ, ಅದಕ್ಕೇ ಆ ಬೆಲೆ.

ನನ್ನದು ನಕಲಿ, ಡಬ್ಬ ಇಲ್ಲ, ಹಿಂದಿನ ಸ್ಕ್ರೂ ಕಳೆದು ರಬ್ಬರ್‌ಬ್ಯಾಂಡ್ ಹಾಕಿದೆ, ಮೇಲೆ ಅಕ್ಕ ಕಾಂಪಾಸಿನ ಮೊನೆಯಲ್ಲಿ ‘ಇದು ನಂದು’ ಎಂದು ಕೊರೆದಿದ್ದಾಳೆ. ಮೂವತ್ತು ವರ್ಷದ ಸುಖ ಎಲ್ಲ ಬೆಲೆಯಿಂದ ಕಳೆಯುವ ಲೆಕ್ಕಕ್ಕೆ ಬಂತು. ಇದು ನನಗೆ ಇನ್ನೂ ಅರಗಿಲ್ಲ. ಮನೆಗೆ ಬಂದ ದಿನದಿಂದ ಮುಟ್ಟದೆ ಬಿಟ್ಟವನು ಕುಬೇರ, ಹಗಲು ರಾತ್ರಿ ಆಡಿದವನಿಗೆ ಗುಜರಿ ರೇಟು. ಕಾದ ಬಾಣಲೆಯಲ್ಲಿ ಎಂದೂ ಎಣ್ಣೆ ಕಾಣದ ಜಾಲರಿಗೆ ಬೆಲೆ ಜಾಸ್ತಿ ಎಂದರೆ ದೊಡ್ಡಮ್ಮ ಒಪ್ಪುತ್ತಾರೆಯೇ?

ಇದನ್ನೇ ಗೋಡೆಯ ಹತ್ತಿರ ಹೇಳಿಕೊಂಡೆ. ಬಿಸಾಕಿದ್ದಕ್ಕೂ ಬೆಲೆ ಬಂದ ಕಥೆ ಇನ್ನೊಂದಿದೆ, ಅದನ್ನೂ ಹೇಳಿದೆ. 1983ರಲ್ಲಿ ಅಟಾರಿ ಎಂಬ ಅಮೆರಿಕನ್ ಕಂಪನಿ ನಷ್ಟದಲ್ಲಿ ಮುಳುಗಿತ್ತು. ಮಾರಾಟವಾಗದ ಕ್ಯಾಸೆಟ್ಟುಗಳನ್ನು ಲಾರಿಗಳಲ್ಲಿ ತುಂಬಿ ನ್ಯೂ ಮೆಕ್ಸಿಕೋದ ಆಲಮೊಗೋರ್ಡೊ ಎಂಬ ಊರಿನ ಕಸದ ಗುಂಡಿಗೆ ಸುರಿದು ಮುಚ್ಚಿತು. ಅದರಲ್ಲಿ ‘ಇ.ಟಿ.’ ಸಿನಿಮಾದ ಆಟವೂ ಇತ್ತು, ಐದೇ ವಾರದಲ್ಲಿ ಒಬ್ಬನೇ ಕೂತು ಬರೆದದ್ದು. ಮೂವತ್ತು ವರ್ಷ ಅದು ಬರೀ ಗಾಳಿಮಾತು ಅಂದುಕೊಂಡವರೂ ಇದ್ದರು. 2014ರ ಏಪ್ರಿಲ್‌ನಲ್ಲಿ ಅಗೆದರು, ಸಾವಿರಕ್ಕೂ ಹೆಚ್ಚು ಸಿಕ್ಕವು. ಹರಾಜು ಹಾಕಿ ಒಂದು ಲಕ್ಷ ಡಾಲರಿಗೂ ಹೆಚ್ಚು ದುಡ್ಡು ಬಂತು.

"ನಮ್ಮಲ್ಲಿ ನಿಧಿ ಅಗೆಯೋರು ನಿಂಬೆಹಣ್ಣು, ಕುಂಕುಮ ತರ್ತಾರೆ," ಎಂದರು ಮೇಷ್ಟ್ರು. "ನೀನೂ ಹೂತಿಡು. ಕರಿಬೇವಿನ ಬುಡದಲ್ಲಿ ಜಾಗ ಇದೆ."

"ಫೀಸು ಕಟ್ಟೋಕೆ ಮೂವತ್ತು ವರ್ಷ ಟೈಮ್ ಕೊಡಲ್ಲ ಮೇಷ್ಟ್ರೇ."

ಕೊಳ್ಳಲು ಬಂದವನು ಬೆಂಗಳೂರು ಕಡೆಯ ಹುಡುಗ, ಬೆನ್ನಿಗೆ ದೊಡ್ಡ ಬ್ಯಾಗು. ಗೇಟಿನಲ್ಲಿ ಚಪ್ಪಲಿ ಬಿಟ್ಟು ಬಂದ, ಕಾಫಿ ಬೇಡ ಎಂದು ಕುಡಿದ. ಆಮೇಲೆ ಹಾಲಿನ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು ಫೋನಿನ ಟಾರ್ಚ್ ಹಚ್ಚಿದ. ಒಂದೊಂದು ಸಿಡಿಯನ್ನೂ ಅಂಚಿನಲ್ಲಿ ಹಿಡಿದು, ಓರೆ ಮಾಡಿ, ಬೆಳಕನ್ನು ಅದರ ಮೇಲೆ ನಿಧಾನಕ್ಕೆ ಜಾರಿಸುತ್ತಿದ್ದ. ಬರಿಗಣ್ಣಿಗೆ ಕನ್ನಡಿಯ ಹಾಗಿದ್ದ ಸಿಡಿಯಲ್ಲಿ ಕೂದಲೆಳೆಯಂಥ ಗೆರೆಗಳು ಎದ್ದು ಬರುತ್ತಿದ್ದವು. ನಡುವಿನ ತೂತಿನ ಸುತ್ತ ಇರುವ ಸಣ್ಣ ಅಕ್ಷರ ಓದುತ್ತಿದ್ದ. ಓದಿ, ಎಡಕ್ಕೆ ಇಡುತ್ತಿದ್ದ, ಇಲ್ಲವೇ ಬಲಕ್ಕೆ. ಒಂದು ಮಾತಿಲ್ಲ. ಸ್ಕ್ಯಾನಿಂಗ್ ಕೋಣೆಯ ಹೊರಗೆ ಕೂತವನ ಹಾಗೆ ನಾನು ಅವನ ಮುಖವನ್ನೇ ನೋಡುತ್ತಿದ್ದೆ.

ಎಂಬತ್ತೇಳರಲ್ಲಿ ಅರವತ್ತೈದು ಬಲಕ್ಕೆ ಹೋದವು.

"ಇವು ಪೈರೇಟೆಡ್ ಸರ್."

ಗೊತ್ತಿತ್ತಲ್ಲ ನನಗೆ! 2007ರಲ್ಲಿ ಪ್ಲೇಸ್ಟೇಷನ್ 2 ಕೊಂಡಾಗ ಅಸಲಿ ಸಿಡಿ ಕೊಳ್ಳಲು ಒಂದು ವಾರದ ಸಂಬಳ ಬೇಕಿತ್ತು. ಮೆಜೆಸ್ಟಿಕ್ ಫುಟ್‌ಪಾತಿನಲ್ಲಿ ನೂರಕ್ಕೆ ಒಂದು, ಇನ್ನೂರೈವತ್ತಕ್ಕೆ ಮೂರು. ಕಲರ್ ಜೆರಾಕ್ಸಿನ ಹೊದಿಕೆ, ಅದರ ಮೇಲೆ ‘ರೆಸಿಡೆಂಟ್ ಇವಿಲ್’ ಬದಲು ‘ಪ್ರೆಸಿಡೆಂಟ್ ಇವಿಲ್’ ಎಂದು ಅಚ್ಚಾದದ್ದೂ ಒಂದಿದೆ. ಅವನ್ನೂ ಸಂಗ್ರಹ ಅಂದುಕೊಂಡು ಅಕಾರಾದಿಯಾಗಿ ಜೋಡಿಸಿ ಇಟ್ಟಿದ್ದೆ. ಕದ್ದ ಮಾಲಿಗೆ ಸಂತೆಯಲ್ಲಿ ಎರಡನೇ ಸಲ ಬೆಲೆ ಹುಟ್ಟುವುದಿಲ್ಲ. ಪಾಪದ ಲೆಕ್ಕ ಇಷ್ಟು ಚೊಕ್ಕಟವಾಗಿ ತೀರಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಉಳಿದದ್ದು ಇಪ್ಪತ್ತೆರಡು. ಅದರಲ್ಲಿ ‘ಹನುಮಾನ್: ಬಾಯ್ ವಾರಿಯರ್’ ಇತ್ತು. 2009ರಲ್ಲಿ ಹೈದರಾಬಾದಿನವರು ಮಾಡಿದ್ದು, ಪ್ಲೇಸ್ಟೇಷನ್ 2ಕ್ಕೆ ಪೂರ್ತಿ ನಮ್ಮ ದೇಶದಲ್ಲೇ ತಯಾರಾದ ಮೊದಲ ಆಟ. ದೇಶಾಭಿಮಾನಕ್ಕೆ ಅಸಲಿಯನ್ನೇ ಕೊಂಡಿದ್ದೆ. ಆಡಲು ಸುಮಾರಾಗಿತ್ತು ಎಂದು ಹೇಳಿದರೆ ದೇವರು ಕ್ಷಮಿಸಬೇಕು. ಹುಡುಗ ತಿರುವಿ ನೋಡಿ, "ಇದನ್ನ ಯಾರೂ ಕೇಳಲ್ಲ ಸರ್. ಆದ್ರೆ ದೇವರು, ಬೇಡ ಅನ್ನೋಕಾಗಲ್ಲ" ಎಂದು ಕಣ್ಣಿಗೊತ್ತಿಕೊಂಡು ಎಡಕ್ಕಿಟ್ಟ. ನೂರು ರೂಪಾಯಿ.

ಮೆಮೊರಿ ಕಾರ್ಡ್ ಹೊರಗೆ ತೆಗೆದಾಗ, "ಫಾರ್ಮ್ಯಾಟ್ ಮಾಡಿಬಿಡಿ ಸರ್" ಎಂದ. ಬೆಂಕಿಪೊಟ್ಟಣದಷ್ಟು ದಪ್ಪದ ಕಪ್ಪು ಚೂರು, ಎಂಟು ಎಂಬಿ. ಟಿವಿಗೆ ಹಾಕಿ ಒಂದು ಸಲ ನೋಡಿದೆ. ‘ಗಾಡ್ ಆಫ್ ವಾರ್’ನ ಕೊನೆ ಬಾಸ್ ಹತ್ತಿರ ನಿಲ್ಲಿಸಿದ್ದು ಹಾಗೇ ಇದೆ, ಇನ್ನೂ ಗೆದ್ದಿಲ್ಲ. ‘ಕ್ರಿಕೆಟ್ 07’ರಲ್ಲಿ ಒಂದು ಟೆಸ್ಟ್ ಮ್ಯಾಚು, ದ್ರಾವಿಡ್ 61 ನಾಟೌಟ್, ಮೂರನೇ ದಿನ ಟೀ. ಅಲ್ಲಿ ನಿಲ್ಲಿಸಿ ಎದ್ದು ಹೋದದ್ದು ಯಾಕೆ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಯಾರೋ ಬಾಗಿಲು ತಟ್ಟಿರಬೇಕು, ಇಲ್ಲಾ ಕರೆಂಟು ಹೋಗುವ ಹೊತ್ತಾಗಿರಬೇಕು. ಇಷ್ಟು ವರ್ಷ ದ್ರಾವಿಡ್ ಟೀ ಕುಡಿಯುತ್ತಾ ಕಾದಿದ್ದ. ಅಳಿಸಲೇ ಎಂದು ಯಂತ್ರ ಕೇಳಿತು. ಮಗಳು ಪಕ್ಕದಿಂದ ಕೈ ಚಾಚಿ ಹೌದು ಒತ್ತಿದಳು.

ಈ ಮಧ್ಯೆ ನಾನು ಇನ್ನೊಂದು ಆಸೆ ಇಟ್ಟುಕೊಂಡಿದ್ದೆ. ಕಂಪ್ಯೂಟರಿನಲ್ಲಿ ಡೌನ್‌ಲೋಡ್ ಮಾಡಿಕೊಂಡ ಗೇಮುಗಳು ಅರವತ್ತರ ಮೇಲಿವೆ, ಎಲ್ಲಾ ದುಡ್ಡು ಕೊಟ್ಟು ಕೊಂಡದ್ದೇ. "ಅವನ್ನ ಮಾರೋಕಾಗಲ್ಲ ಸರ್, ಅದು ನಿಮ್ಮದಲ್ಲ" ಎಂದ ಹುಡುಗ, ನಗದೆ. ನಿಜ. ಕೊಂಡದ್ದು ಆಟವಲ್ಲ, ಆಡುವ ಪರವಾನಗಿ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಹಾಗೆ ಮಾರುವಾಗ ಇದು ಬರೀ ಪರವಾನಗಿ ಎಂದು ಬಿಚ್ಚಿ ಹೇಳಲೇಬೇಕು ಎಂಬ ಕಾಯಿದೆ ಇದೆ. ಸಂಜೆ ಇದನ್ನು ಮೇಷ್ಟ್ರಿಗೆ ಹೇಳಿದಾಗ ಅವರು ಗೋಡೆಯ ಮೇಲೆ ಕೈ ಬಡಿದರು.

"ಅಂದ್ರೆ ಗೇಣಿ ಜಮೀನು! ದುಡಿದದ್ದು ನೀನು, ಪಹಣಿ ಅವರ ಹೆಸರಲ್ಲಿ. 1974ರಲ್ಲಿ ಅರಸು ಅವರು ಉಳುವವನೇ ಒಡೆಯ ಅಂತ ತಂದರಲ್ಲ, ಹಾಗೆ ಆಡುವವನೇ ಒಡೆಯ ಅಂತ ಒಂದು ಬರಬೇಕು. ನೀನೊಂದು ಡಿಕ್ಲರೇಷನ್ ಹಾಕು ಲ್ಯಾಂಡ್ ಟ್ರಿಬ್ಯೂನಲ್ಲಿಗೆ."

ಲೆಕ್ಕ ಹೇಳಿಬಿಡುತ್ತೇನೆ. ಪ್ಲೇಸ್ಟೇಷನ್ 2ಕ್ಕೆ 4,500. ಅದರ ಇಪ್ಪತ್ತೆರಡು ಸಿಡಿಗೆ, ಹನುಮಂತ ಸೇರಿ, 7,700. ಪ್ಲೇಸ್ಟೇಷನ್ 3 ಏಳು ಸಾವಿರ, ಅದರ ಹದಿನಾಲ್ಕು ಸಿಡಿ 5,600. ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿ ಐದು ಸಾವಿರ. ಒಟ್ಟು 29,800. ಹುಡುಗ ಅಲ್ಲೇ ಫೋನಿನಲ್ಲಿ ದುಡ್ಡು ಹಾಕಿದ, ಮಗಳು ಬಂತಾ ಎಂದು ನೋಡಿ ತಲೆಯಾಡಿಸಿದಳು. ಫೀಸಿನ ಕಂತು 28,000 ಹೋಗಿ ಕೈಯಲ್ಲಿ ಉಳಿದದ್ದು 1,800. ಕಮಿಷನ್ ಹತ್ತು ಪರ್ಸೆಂಟ್ ಎಂದರೆ 2,980. ಅಂದರೆ ನನ್ನ ಆಟ ಮಾರಿ, ಅವಳ ಫೀಸು ಕಟ್ಟಿ, ಕೊನೆಗೆ ಅವಳಿಗೇ ನಾನು 1,180 ರೂಪಾಯಿ ಸಾಲಗಾರ. ವ್ಯಾಪಾರ ಎಂದರೆ ಹೀಗೆ ಕಲಿಸಬೇಕು ಮಕ್ಕಳಿಗೆ.

ಹುಡುಗ ಬೇಡ ಎಂದು ಬಿಟ್ಟುಹೋದದ್ದು ಒಂದು ಚೀಲ. ದಸರಾ ಎಕ್ಸಿಬಿಷನ್ನಿನ ಯಂತ್ರ, ಅದರ ಅಡಾಪ್ಟರು, ಕ್ಯಾಸೆಟ್ಟುಗಳು, ಬಂದೂಕು. ಬಂದೂಕನ್ನು ಮಾತ್ರ ಆಸೆಯಿಂದ ನೋಡಿದ್ದ. ಟಿವಿಗೆ ಸಿಕ್ಕಿಸಿ ‘ಡಕ್ ಹಂಟ್’ ಹಾಕಿ, ಪರದೆಗೆ ಒತ್ತಿಹಿಡಿದು ಹೊಡೆದರೂ ಒಂದು ಬಾತುಕೋಳಿಯೂ ಬೀಳಲಿಲ್ಲ. "ಕೆಟ್ಟೋಗಿದೆ ಸರ್" ಎಂದು ಇಟ್ಟ. ಚೀಲವನ್ನು ಗುಜರಿಗೆ ಹಾಕೋಣ ಎಂದು ಗೋಡೆಯ ಮೇಲಿಟ್ಟಿದ್ದೆ. ದೊಡ್ಡಮ್ಮ ಬಂದೂಕು ಎತ್ತಿ, "ಇದರಲ್ಲಿ ಕೋತಿ ಓಡುತ್ತಾ?" ಎಂದರು, ಅವರ ಪರಂಗಿ ಮರಕ್ಕೆ ಕೋತಿ ಕಾಟ.

ಆಗ ಹೊಳೆಯಿತು. ಕೆಟ್ಟಿರುವುದು ಬಂದೂಕಲ್ಲ, ನಮ್ಮ ಟಿವಿ. ಅಂದರೆ ಕೆಟ್ಟಿಲ್ಲ, ಚಪ್ಪಟೆ. ಆ ಬಂದೂಕಿನಿಂದ ಏನೂ ಹೊರಡುವುದಿಲ್ಲ, ಅದರ ಮೂತಿಯಲ್ಲಿ ಒಂದು ಕಣ್ಣಿದೆ, ಅಷ್ಟೇ. ಕುದುರೆ ಒತ್ತಿದ ತಕ್ಷಣ ಪರದೆ ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಕಪ್ಪಾಗಿ, ಹಕ್ಕಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಮೂಡಿ ಹೋಗುತ್ತದೆ. ಆ ಬೆಳಕು ಕಣ್ಣಿಗೆ ಬಿದ್ದರೆ ಏಟು ಬಿತ್ತು. ಎಲ್ಲ ಸೆಕೆಂಡಿನ ಚೂರಿನಲ್ಲಿ ಮುಗಿಯಬೇಕು. ಹಳೆಯ ಡಬ್ಬಾ ಟಿವಿ ಚಿತ್ರವನ್ನು ಬಂದ ಹಾಗೇ ಬರೆಯುತ್ತದೆ. ಈಗಿನ ಚಪ್ಪಟೆ ಟಿವಿ ಚಿತ್ರ ಬಂದರೆ ತಾನೊಂದಿಷ್ಟು ತಿದ್ದಿ ತೀಡಿ ಆಮೇಲೆ ತೋರಿಸುತ್ತದೆ. ಅಷ್ಟು ತಡಕ್ಕೆ ಬಂದೂಕು ಕುರುಡು.

ಮೇಷ್ಟ್ರ ಮನೆಯ ಒನಿಡಾ ಇಪ್ಪತ್ತೊಂದು ಇಂಚು ಇನ್ನೂ ಇದೆ. ಎಕ್ಸ್‌ಚೇಂಜಿನಲ್ಲಿ ಐನೂರು ಕೊಡುತ್ತೇನೆ ಎಂದ ಅಂಗಡಿಯವನ ಮೇಲಿನ ಸಿಟ್ಟಿಗೆ ಹನ್ನೆರಡು ವರ್ಷದಿಂದ ಇಟ್ಟುಕೊಂಡಿದ್ದಾರೆ. ಮೇಲಿದ್ದ ಕ್ರೋಶಾ ಬಟ್ಟೆ, ಅದರ ಮೇಲಿನ ಚನ್ನಪಟ್ಟಣದ ಗೊಂಬೆ ತೆಗೆದು, ಆಂಟೆನಾ ತೂತಿಗೆ ವೈರು ಸಿಕ್ಕಿಸಿ, ಚಾನೆಲ್ ತಿರುಗಿಸಿ ತಿರುಗಿಸಿ, ಕೊನೆಗೆ ಇರುವೆ ಓಡಾಡುವ ಪರದೆಯ ನಡುವಿನಿಂದ ಹಸಿರು ಹುಲ್ಲು ಮೂಡಿತು. ನಾಯಿ ಮೂಸುತ್ತಾ ಬಂದು ಹುಲ್ಲಿನೊಳಗೆ ಹಾರಿತು. ಹಕ್ಕಿ ಎದ್ದಿತು. ದೊಡ್ಡಮ್ಮನ ಕೈಗೆ ಬಂದೂಕು ಕೊಟ್ಟೆ.

ಕಾರ್ತೀಕ ಸೋಮವಾರ ಎಂದು ಈರುಳ್ಳಿಯನ್ನೂ ಮುಟ್ಟದ ದೊಡ್ಡಮ್ಮ ಅವತ್ತು ಹತ್ತರಲ್ಲಿ ಏಳು ಬಾತುಕೋಳಿ ಕೆಡವಿದರು. ತಪ್ಪಿದ ಮೂರಕ್ಕೂ ಆ ನಾಯಿ ಹುಲ್ಲಿನಿಂದ ತಲೆಯೆತ್ತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕಿಸಿಕಿಸಿ ನಕ್ಕಿತು. ಆಡಿದವರಿಗೆ ಆ ನಗು ಗೊತ್ತು. 1984ರಿಂದ ಅದು ನಗುತ್ತಲೇ ಇದೆ. ದೊಡ್ಡಮ್ಮ ಅದರ ಮೇಲೆ ಮೂರು ಗುಂಡು ಹಾರಿಸಿದರು.

"ಅದಕ್ಕೆ ತಗಲಲ್ಲ ದೊಡ್ಡಮ್ಮ."

"ಯಾಕೆ ತಗಲಲ್ಲ?" ಎಂದು ನಾನೇ ಮಾಡಿಟ್ಟಿದ್ದೇನೋ ಎಂಬಂತೆ ನನ್ನನ್ನು ನೋಡಿದರು.

ನಾಲ್ಕು ದಿನ ಬಿಟ್ಟು ಆ ಹುಡುಗನ ಫೋನು. ಯಾರಿಗೋ ಹಳೇ ಬಂದೂಕು ಬೇಕಂತೆ, ಕೆಟ್ಟಿದ್ದರೂ ಪರವಾಗಿಲ್ಲ, ಕ್ಯಾಸೆಟ್ಟು, ಯಂತ್ರ ಎಲ್ಲ ಸೇರಿ ಸಾವಿರದಿನ್ನೂರು. ಮಗಳ ಸಾಲ ತೀರಿ ಇಪ್ಪತ್ತು ರೂಪಾಯಿ ಮಿಗುತ್ತದೆ. ಕೇಳಿ ಹೇಳುತ್ತೇನೆ ಎಂದು ಗೋಡೆಯ ಹತ್ತಿರ ಹೋದೆ. ಹನ್ನೊಂದು ಗಂಟೆ, ಮೊರದಲ್ಲಿ ಸಂಡಿಗೆ ಇರಲಿಲ್ಲ, ಮೇಷ್ಟ್ರು ಒಬ್ಬರೇ ಬಿಸಿಲಲ್ಲಿ ಮೊಣಕೈ ಊರಿ ನಿಂತಿದ್ದರು. ಒಳಗಿನಿಂದ ಟಕ್, ಟಕ್, ಟಕ್ ಎಂದು ಶಬ್ದ, ಆಮೇಲೆ ಆ ಕಿಸಿಕಿಸಿ.

"ಮೇಷ್ಟ್ರೇ, ದೊಡ್ಡಮ್ಮನ ಹತ್ರ ಒಂದು ಮಾತು..."

"ಈಗ ಹೋಗಬೇಡ ಮಾರಾಯ," ಎಂದರು ಮೇಷ್ಟ್ರು. "ನಾಯಿ ಈಗಷ್ಟೇ ನಕ್ಕಿದೆ."